ಹಿತ್ತಲಿನ ಸೇಬು, ಹಿತ್ತಲಿನ ಇಶಾಡು

ಕಾರವಾರದ ಪೇಟೆಯಲ್ಲಿ ಹಣ್ಣಿನಂಗಡಿಯ ಮುಂದೆ ತಾಯಿಯ ಕೈಹಿಡಿದು ನಿಂತ ಮಗುವಿನ ದೃಷ್ಟಿ ಮೊದಲು ಬೀಳುವುದು ಸೇಬಿನ ಮೇಲೆ. ಹಿಮಾಚಲದಿಂದಲೋ ಕಾಶ್ಮೀರದಿಂದಲೋ ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು, ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಸವೆಸಿ ಬಂದ ಆ ಕೆಂಪು ಹಣ್ಣಿಗೆ ಇತರ ಹಣ್ಣುಗಳಿಗಿಲ್ಲದ ಒಂದು ಗೌರವ ಸಂದಿದೆ. ಜ್ವರದಿಂದ ಎದ್ದವರಿಗೆ ಸೇಬು; ಆಸ್ಪತ್ರೆಯಲ್ಲಿ ಮಲಗಿರುವ ಬಂಧುಗಳನ್ನು ನೋಡಲು ಹೋಗುವವರ ಕೈಚೀಲದಲ್ಲಿ ಸೇಬು. ಮನೆಯಲ್ಲಿಯೇ ಬೆಳೆದ ಬಾಳೆಯನ್ನೋ ಪೇರಲೆಯನ್ನೋ ಒಯ್ದರೆ ಬರಿಗೈಯಲ್ಲಿ ಹೋದಂತಾಯಿತೆಂದು ಸಂಕೋಚಪಡುವವರೂ ಉಂಟು.

ಹೀಗಿರುವಾಗ, ಆ ಸೇಬು ತಮ್ಮ ಹಿತ್ತಲಿನಲ್ಲಿಯೇ ಬೆಳೆದರೆ ಎಷ್ಟು ಚೆನ್ನ ಎಂಬ ಆಸೆ ಯಾರಿಗೆ ತಾನೇ ಹುಟ್ಟದು? ಈಚಿನ ವರ್ಷಗಳಲ್ಲಿ ಈ ಆಸೆಗೆ ನೀರೆರೆಯುವವರೂ ಹೆಚ್ಚಿದ್ದಾರೆ. ಸಸಿ ಮಾರುವವರಲ್ಲಿ 'ಬಿಸಿಲುನಾಡಿನ ಸೇಬು' ಎಂಬ ಹೆಸರಿನ ಗಿಡ ದೊರೆಯುತ್ತದೆ. ಅದರ ಕೊರಳಿಗೆ ಗೊಂಚಲು ಗೊಂಚಲಾಗಿ ಹಣ್ಣು ಬಿಟ್ಟ ಮರದ ಬಣ್ಣದ ಚಿತ್ರವೊಂದನ್ನು ತೂಗುಬಿಟ್ಟಿರುತ್ತಾರೆ. ಆ ಚಿತ್ರ ಪೂರ್ತಿ ಸುಳ್ಳಲ್ಲ. ಆದರೆ ಕಡಲ ತೀರದ ಹಿತ್ತಲಿಗೆ ಅದು ಪೂರ್ತಿ ನಿಜವೂ ಅಲ್ಲ.

ಅಂಕೋಲೆಯ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಅಂಥ ಮನೆಗಳು ಆ ಕಡೆ ಹಲವು. ಮುಂದೆ ತುಳಸಿಕಟ್ಟೆ, ಹಿಂದೆ ಬಾವಿ, ಬಾವಿಯಿಂದ ಹತ್ತು ಹೆಜ್ಜೆಯ ಆಚೆ ಅಜ್ಜನ ಕಾಲದ ಒಂದು ಕರಿ ಇಶಾಡು ಮಾವಿನ ಮರ. ಬೆಂಗಳೂರಿನಲ್ಲಿ ಕಾಲೇಜು ಓದುತ್ತಿರುವ ಮೊಮ್ಮಗಳು ಒಂದು ಜೂನಿನಲ್ಲಿ ಊರಿಗೆ ಬರುವಾಗ ಸೇಬಿನ ಸಸಿಯೊಂದನ್ನು ತಂದಳು. ಮನೆಮಂದಿಯೆಲ್ಲ ಸೇರಿ ಬಾವಿಗೂ ಮಾವಿಗೂ ನಡುವೆ ಅದನ್ನು ನೆಟ್ಟರು. ಮಳೆಗಾಲ ಮುಗಿದ ಮೇಲೆ ದಿನವೂ ಎರಡು ಕೊಡ ನೀರು; ಅದು ಸಾಲದೆಂದು ಬಚ್ಚಲಿನ ನೀರಿನ ಕಾಲುವೆಯನ್ನೂ ಆ ಕಡೆಗೇ ತಿರುಗಿಸಿದರು. ಎರಡು ವರ್ಷಗಳಲ್ಲಿ ಗಿಡ ಆಳೆತ್ತರ ಬೆಳೆಯಿತು. ಎಲೆಗಳೂ ಹಸುರಾಗಿಯೇ ಇದ್ದವು. ಹೂವು ಮಾತ್ರ ಒಂದೂ ಕಾಣಲಿಲ್ಲ. ಮೂರನೆಯ ವರ್ಷ ಇನ್ನೊಂದು ವಿಚಿತ್ರ ನಡೆಯಿತು. ಪುಷ್ಯ ಮಾಸದಲ್ಲಿ ಹೂವಿನಿಂದ ತುಂಬಿರಬೇಕಾಗಿದ್ದ ಹಳೆಯ ಇಶಾಡು, ಹೂವಿನ ಬದಲು ತಾಮ್ರವರ್ಣದ ಚಿಗುರನ್ನು ಹೊದ್ದು ನಿಂತಿತು.

ಸೇಬು ಹೂಬಿಡಲಿಲ್ಲವೇಕೆ? ಫಲ ಕೊಡುತ್ತಿದ್ದ ಮಾವು ಹೂ ಮರೆತದ್ದೇಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಗಿಡಕ್ಕೂ ನಿದ್ರೆ ಬೇಕು. ಒಂದೊಂದು ಜಾತಿಯ ಗಿಡ ಒಂದೊಂದು ಬಗೆಯ ಹಾಸಿಗೆಯಲ್ಲಿ ಮಲಗುತ್ತದೆ.

ಸೇಬಿನ ಹಾಸಿಗೆ ಚಳಿ. ಬೇಸಗೆಯಲ್ಲಿಯೇ ಅದು ಮುಂದಿನ ವರ್ಷದ ಹೂವಿನ ಮೊಗ್ಗುಗಳನ್ನು ಕಟ್ಟಿ, ಶರತ್ಕಾಲದಲ್ಲಿ ಎಲೆ ಉದುರಿಸಿ, ಗಾಢ ನಿದ್ರೆಗೆ ಸರಿಯುತ್ತದೆ. ಆ ನಿದ್ರೆಯಿಂದ ಏಳಬೇಕಾದರೆ ಮೊಗ್ಗುಗಳು ಇಂತಿಷ್ಟು ಕಾಲ ಚಳಿಯಲ್ಲಿ ಕಳೆದಿರಬೇಕು. ಶಾಸ್ತ್ರಜ್ಞರು ಇದನ್ನು ಗಂಟೆಗಳಲ್ಲಿ ಅಳೆಯುತ್ತಾರೆ. ಉಷ್ಣಮಾನವು ಸುಮಾರು 7 ಡಿಗ್ರಿ ಸೆಲ್ಸಿಯಸಿಗಿಂತ ಕೆಳಗಿದ್ದ ಪ್ರತಿಯೊಂದು ಗಂಟೆಯೂ ಒಂದು ಚಳಿಗಂಟೆ. ಪೇಟೆಗೆ ಬರುವ ಹೆಸರಾಂತ ಬೆಟ್ಟದ ಸೇಬುಗಳಿಗೆ ಇಂಥ ಸಾವಿರ ಗಂಟೆಗಳೂ ಅದಕ್ಕಿಂತ ಹೆಚ್ಚೂ ಬೇಕಾಗುತ್ತವೆ. ಕಾರವಾರದಲ್ಲಿಯಾದರೋ, ಜನವರಿಯ ರಾತ್ರಿಗಳಲ್ಲಿಯೂ ಉಷ್ಣಮಾನವು 15 ಡಿಗ್ರಿಗಿಂತ ಕೆಳಕ್ಕೆ ಇಳಿಯುವುದು ಅಪರೂಪ. ಕಡಲು ಹಗಲಿನ ಕಾವನ್ನು ರಾತ್ರಿಗೂ ಉಳಿಸಿಕೊಡುತ್ತದೆ. ಆದುದರಿಂದ ಅಲ್ಲಿ ಚಳಿಗಂಟೆಗಳ ಲೆಕ್ಕವು ಸೊನ್ನೆಯಿಂದ ಮೇಲಕ್ಕೇಳುವುದೇ ಇಲ್ಲ. ಹಾಗೆ ಚಳಿಯಿಲ್ಲದೆ ಉಳಿದ ಸೇಬಿನ ಗಿಡ ಸಾಯುವುದಿಲ್ಲ. ರಾತ್ರಿಯಿಡೀ ನಿದ್ರೆಗೆಟ್ಟವನು ಹಗಲಿನಲ್ಲಿ ತೂಕಡಿಸುವಂತೆ ಅದು ವರ್ಷವಿಡೀ ಅರೆ ಎಚ್ಚರದಲ್ಲಿರುತ್ತದೆ. ಹಳೆಯ ಎಲೆಗಳು ಉದುರದೆ ಜೋತುಬೀಳುತ್ತವೆ. ರೆಂಬೆಯ ತುದಿಯ ಕಣ್ಣೊಂದು ಚಿಗುರುತ್ತದೆ. ಪಕ್ಕದ ಕಣ್ಣುಗಳು ಕುರುಡಾಗಿಯೇ ಉಳಿಯುತ್ತವೆ.

ಈ ಕಷ್ಟವನ್ನು ದಾಟಲು ಮನುಷ್ಯನು ಮಾಡಿದ ಯತ್ನಗಳ ಕಥೆ ಸ್ವಾರಸ್ಯವಾಗಿದೆ. ಕನ್ನಡನಾಡಿನಲ್ಲಿಯೇ, ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನ ಸುತ್ತಿನ ತೋಟಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸೇಬು ಬೆಳೆಯುತ್ತಿತ್ತೆಂದರೆ ಇಂದಿನ ತರುಣರು ನಂಬಲಾರರು. 'ರೋಮ್ ಬ್ಯೂಟಿ' ಎಂಬುದು ಅಲ್ಲಿ ಹೆಸರು ಪಡೆದ ತಳಿ. ಹತ್ತಿಯ ಚೂರುಗಳನ್ನು ಅಂಟಿಸಿದಂತೆ ಕೊಂಬೆಗಳಿಗೂ ಬೇರುಗಳಿಗೂ ಮುತ್ತಿಕೊಳ್ಳುವ ಉಣ್ಣೆ ಹೇನು ಆ ತೋಟಗಳಿಗೆ ಗಂಡಾಂತರವಾಯಿತು. ಅದೇ ರೋಮ್ ಬ್ಯೂಟಿ ಇಂಡೊನೇಷ್ಯದ ಪೂರ್ವ ಜಾವಾ ಪ್ರಾಂತದ ಬಾತು ಎಂಬ ಗುಡ್ಡದ ಊರಿನಲ್ಲಿ ಬೇರೂರಿತು. ಭೂಮಧ್ಯರೇಖೆಗೆ ಅಷ್ಟು ಸಮೀಪದ ನಾಡಿನಲ್ಲಿ ಚಳಿಗಾಲವೆಂಬುದೇ ಇಲ್ಲ. ಆದರೂ ಅಲ್ಲಿನ ರೈತರು ವರ್ಷಕ್ಕೆ ಎರಡು ಬೆಳೆ ತೆಗೆಯುವುದುಂಟು. ಅವರ ಉಪಾಯ ಸರಳವಾದುದು: ಹಣ್ಣು ಕೊಯ್ದ ಕೆಲವು ವಾರಗಳಲ್ಲಿ ಮರದ ಎಲೆಗಳನ್ನೆಲ್ಲ ಕೈಯಿಂದ ಕಿತ್ತುಬಿಡುತ್ತಾರೆ. ಮೊಗ್ಗುಗಳನ್ನು ತಡೆದು ಮಲಗಿಸುವ ಸಂಜ್ಞೆ ಎಲೆಗಳಿಂದಲೇ ಹೋಗುತ್ತದೆ. ನಿದ್ರೆ ಗಾಢವಾಗುವುದಕ್ಕೆ ಮುಂಚೆಯೇ ಎಲೆಗಳನ್ನು ತೆಗೆದರೆ ಮೊಗ್ಗುಗಳು ಮಲಗದೆ ಅರಳುತ್ತವೆ.

ಇನ್ನು ಕೆಲವರು ಮರದ ಜಾತಿಯನ್ನೇ ಬದಲಿಸಲು ಹೊರಟರು. ಇಸ್ರೇಲಿನ ಐನ್ ಶೆಮೆರ್ ಎಂಬ ಸಾಮೂಹಿಕ ಕೃಷಿಗ್ರಾಮದಲ್ಲಿ ಅಬ್ಬಾ ಸ್ಟೈನ್ ಎಂಬವರು ಇನ್ನೂರು-ಮುನ್ನೂರು ಚಳಿಗಂಟೆಗಳಲ್ಲಿಯೇ ತೃಪ್ತಿಪಡುವ 'ಅನ್ನಾ' ತಳಿಯನ್ನು ಪಡೆದರು. ಬಹಾಮಾ ದ್ವೀಪಗಳ ಒಂದು ಹಿತ್ತಲಿನಿಂದ ಅದಕ್ಕಿಂತಲೂ ಕಡಿಮೆ ಚಳಿ ಬೇಡುವ 'ಡಾರ್ಸೆಟ್ ಗೋಲ್ಡನ್' ಹೊರಬಂದಿತು. ಭಾರತದ ಕಥೆ ಇವೆಲ್ಲಕ್ಕಿಂತ ಮನೋಹರ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಪನಿಯಾಲಾ ಗ್ರಾಮದ ರೈತ ಹರಿಮನ್ ಶರ್ಮಾ 1998ರಲ್ಲಿ ಮನೆಮಂದಿಗೆಂದು ಪೇಟೆಯಿಂದ ಸೇಬು ತಂದು, ತಿಂದುಳಿದ ಬೀಜಗಳನ್ನು ಹಿತ್ತಲಿಗೆ ಎಸೆದರು. ಮರುವರ್ಷ ಒಂದು ಸಸಿ ಕಣ್ಣಿಗೆ ಬಿತ್ತು. ಅವರ ಊರು ಸೇಬಿನ ಸೀಮೆಗಿಂತ ಬಹಳ ತಗ್ಗಿನದು, ಬೇಸಗೆಯಲ್ಲಿ 40 ಡಿಗ್ರಿ ದಾಟುವಂಥದು. ಆದರೂ ಆ ಸಸಿಯನ್ನು ಜೋಪಾನ ಮಾಡಿದರು. 2001ರಲ್ಲಿ ಅದು ಹಣ್ಣು ಕೊಟ್ಟಿತು. ಅದರಿಂದ ಕಸಿಮಾಡಿದ ಗಿಡಗಳೇ ಇಂದು 'ಎಚ್‌ಆರ್‌ಎಂಎನ್-99' ಎಂಬ ಹೆಸರಿನಲ್ಲಿ ದೇಶದ ಹಲವು ರಾಜ್ಯಗಳಿಗೆ ಹರಡಿರುವುದು. 2025ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಬಿಸಾಡಿದ ಬೀಜವನ್ನು ಬಿಸಾಡದೆ ನೋಡಿದ ಕಣ್ಣಿಗೆ ಸಂದ ಗೌರವವದು.

ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಿಲಾಸ್‌ಪುರದ ಬೇಸಗೆ ಎಷ್ಟೇ ಸುಡಲಿ, ಅಲ್ಲಿನ ಚಳಿಗಾಲ ಚಳಿಗಾಲವೇ. ಬಿಸಿಲನ್ನು ತಾಳುವುದು ಬೇರೆ, ಚಳಿಯೇ ಇಲ್ಲದೆ ಬಾಳುವುದು ಬೇರೆ. ಕರ್ನಾಟಕದ ಬಯಲುಸೀಮೆಯಲ್ಲಿ ಇಂಥ ಸೇಬನ್ನು ಬೆಳೆದವರ ಸುದ್ದಿಯನ್ನು ಓದಿ ಕರಾವಳಿಯವರು ಆಸೆಪಡುವಾಗ, ಆ ಸೀಮೆಯ ಒಣಹವೆಯನ್ನೂ ತಂಪು ರಾತ್ರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾರವಾರ, ಅಂಕೋಲೆಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನದು. ಆ ನಾಲ್ಕು ತಿಂಗಳು ಸೇಬಿನ ಬೇರು ನೀರಿನಲ್ಲಿ ನಿಂತಂತೆಯೇ. ಎಲೆಗೆ ಚುಕ್ಕೆರೋಗ, ಬೇರಿಗೆ ಕೊಳೆರೋಗ ಎರಡೂ ಕಾದಿರುತ್ತವೆ.

ಇಷ್ಟೆಲ್ಲ ತಿಳಿದ ಮೇಲೂ ಒಂದು ಗಿಡವನ್ನು ಸಾಕಿಯೇ ನೋಡಬೇಕೆಂಬ ಹಂಬಲವಿದ್ದವರು ನಿರಾಶರಾಗಬೇಕಾಗಿಲ್ಲ. ಆದರೆ ಕೆಲವು ನಿಯಮಗಳನ್ನು ಪಾಲಿಸತಕ್ಕದ್ದು.

ಮೊದಲನೆಯದಾಗಿ, ಬೀಜದ ಸಸಿ ಬೇಡ, ಕಸಿಯ ಗಿಡವೇ ಆಗಬೇಕು. ಅದೂ ಕಡಿಮೆ ಚಳಿ ಬೇಡುವ ತಳಿಯದು. ಅನ್ನಾ ತಳಿಯನ್ನು ನೆಡುವುದಾದರೆ ಜತೆಯಲ್ಲಿ ಡಾರ್ಸೆಟ್ ಗೋಲ್ಡನ್ ಗಿಡವೊಂದಿರಲಿ. ಒಂದರ ಪರಾಗ ಇನ್ನೊಂದಕ್ಕೆ ದೊರೆತರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಎರಡನೆಯದಾಗಿ, ನೆಲದಲ್ಲಿ ಗುಂಡಿ ತೋಡಿ ನೆಡುವುದಕ್ಕಿಂತ ಮೊಣಕಾಲೆತ್ತರದ ದಿಬ್ಬದ ಮೇಲೆ, ಇಲ್ಲವೆ ತಳದಲ್ಲಿ ದೊಡ್ಡ ತೂತುಗಳಿರುವ ಅರ್ಧ ಪೀಪಾಯಿಯಲ್ಲಿ ನೆಡುವುದು ಮೇಲು. ಪೀಪಾಯಿಯಾದರೆ ಮಳೆಗಾಲದಲ್ಲಿ ಜಗಲಿಯ ಅಂಚಿಗೆ ಸರಿಸಬಹುದು. ಬೆಳಗಿನ ಬಿಸಿಲು ಪೂರ್ತಿ ಬೀಳಬೇಕು, ಮಧ್ಯಾಹ್ನದ ಸುಡುಬಿಸಿಲಿಗೆ ಸ್ವಲ್ಪ ಮರೆಯಿರಬೇಕು, ಕಡಲ ಉಪ್ಪುಗಾಳಿ ನೇರವಾಗಿ ತಾಗಬಾರದು. ನದಿಯ ಅಳಿವೆಗೆ ಹತ್ತಿರದ ಮನೆಗಳಲ್ಲಿ ಬೇಸಗೆಯ ಬಾವಿನೀರು ಉಪ್ಪಾಗಿದ್ದರೆ ಅದನ್ನು ಸೇಬಿಗೆ ಹಾಕಲೇಬಾರದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ನಿದ್ರೆಯ ಬದಲಿನ ಉಪಾಯ. ಡಿಸೆಂಬರಿನ ಆರಂಭದಲ್ಲಿ ನೀರನ್ನು ಕಡಿಮೆಮಾಡುತ್ತ ಬಂದು, ಗಿಡ ಬಾಡದಂತೆ ನೋಡಿಕೊಂಡು, ಮೂರು ವಾರ ಒಣಗಲು ಬಿಡಬೇಕು. ತಿಂಗಳ ಕೊನೆಯಲ್ಲಿ ಒಂದೂ ಉಳಿಯದಂತೆ ಎಲೆಗಳನ್ನು ಕೈಯಿಂದ ಕೀಳಬೇಕು. ಎಲೆಯನ್ನು ಮೇಲ್ಮುಖವಾಗಿ ಎತ್ತಿ ಬಿಡಿಸಿದರೆ ಕಂಕುಳಿನ ಮೊಗ್ಗಿಗೆ ಗಾಯವಾಗದು. ಒಣಗಿದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನಷ್ಟೇ ಕತ್ತರಿಸಬೇಕು. ಹೆಬ್ಬೆರಳಿನಷ್ಟು ಉದ್ದದ, ಗಂಟುಗಂಟಾದ ಮೋಟು ಕಡ್ಡಿಗಳನ್ನು ಅಂದಗೇಡೆಂದು ಕತ್ತರಿಸಿದರೆ ಕೆಟ್ಟಂತೆ. ಸೇಬು ಹೂಬಿಡುವುದು ಬಹುಮಟ್ಟಿಗೆ ಅವುಗಳಲ್ಲಿಯೇ. ಆಮೇಲೆ ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಹಾಕಿ, ಬುಡಕ್ಕೆ ದರಕನ್ನು ಹೊದಿಸಿ, ಚೆನ್ನಾಗಿ ನೀರುಣಿಸಬೇಕು. ಅದೃಷ್ಟವಿದ್ದರೆ ಮೂರು-ನಾಲ್ಕು ವಾರಗಳಲ್ಲಿ ಗುಲಾಬಿ ಛಾಯೆಯ ಬಿಳಿ ಹೂಗಳು ಕಾಣಿಸುತ್ತವೆ. ಗೊಂಚಲಿಗೆ ಒಂದೇ ಕಾಯಿ ಉಳಿಸಿ ಮಿಕ್ಕವನ್ನು ಚಿವುಟಿ ತೆಗೆದರೆ, ಮಳೆ ಬರುವುದರೊಳಗೆ ಕೈಗೆ ಹಣ್ಣು ದಕ್ಕಬಹುದು. ಬಣ್ಣ ಮಾತ್ರ ಅಂಗಡಿಯ ಸೇಬಿನಂತಿರದು. ಸೇಬಿನ ಕೆಂಪು ತಂಪು ರಾತ್ರಿಗಳ ಕೊಡುಗೆ. ಕರಾವಳಿಯ ರಾತ್ರಿ ಅದನ್ನು ಕೊಡಲಾರದು. ಕೆಲವು ವರ್ಷ ಹೂವೇ ಬಾರದಿರಬಹುದು. ಆದುದರಿಂದ ಇದನ್ನು ಮಕ್ಕಳಿಗೆ ಗಿಡದ ಸ್ವಭಾವವನ್ನು ಕಲಿಸುವ ಪಾಠವೆಂದು ಸಾಕಬೇಕೇ ಹೊರತು ಮನೆಗೆ ಹಣ್ಣು ಒದಗಿಸುವ ಮರವೆಂದು ಸಾಕಬಾರದು.

ಈಗ ಅಂಕೋಲೆಯ ಆ ಹಿತ್ತಲಿಗೆ ಹಿಂದಿರುಗಬಹುದು. ಮಾವಿನ ಚಿಗುರನ್ನು ನೋಡಿ ಮೊಮ್ಮಗಳು ಸಂತೋಷದಿಂದ, "ಅಜ್ಜಿ, ಈ ಸಲ ಮರ ಎಷ್ಟು ಚೆಂದ ಚಿಗುರಿದೆ ನೋಡಿ" ಎಂದಳು. ಅಜ್ಜಿ ಬಾವಿಕಟ್ಟೆಯ ಮೇಲೆ ಕುಳಿತು ಬಚ್ಚಲಿನ ಕಾಲುವೆಯನ್ನೇ ನೋಡುತ್ತಿದ್ದರು. "ಚಿಗುರಿಗೆ ಏನು ಬಂತು, ಮಗಾ? ಬಾಯಾರದ ಮರ ಹೂ ಬಿಡ್ತದಾ?" ಎಂದರು.

ಪುಸ್ತಕ ಹೇಳುವುದನ್ನೇ ಅಜ್ಜಿ ಒಂದು ಮಾತಿನಲ್ಲಿ ಹೇಳಿದ್ದರು. ಮಾವಿಗೆ ಸೇಬಿನಂತೆ ಹಿಮದ ಚಳಿ ಬೇಕಾಗಿಲ್ಲ. ಅದರ ಹಾಸಿಗೆ ಒಣನೆಲ. ಮಳೆ ನಿಂತ ಮೇಲೆ ಅಕ್ಟೋಬರಿನಿಂದ ಹೂವು ಬರುವ ತನಕ ಅದರ ಬೇರಿಗೆ ಬಿಡುವು ದೊರೆಯಬೇಕು. ಮಳೆಗಾಲದ ಚಿಗುರು ಬಲಿತು, ಹೊಸದು ಹುಟ್ಟದೆ, ಮರ ಸುಮ್ಮನೆ ನಿಂತಿರಬೇಕು. ಆಗ ಡಿಸೆಂಬರು-ಜನವರಿಗಳ ತುಸು ತಂಪಿಗೆ ರೆಂಬೆಯ ತುದಿಗಳು ಹೂವಾಗಿ ತೆರೆಯುತ್ತವೆ. ಆ ಕಾಲದಲ್ಲಿ ದಿನವೂ ನೀರು ಸಿಕ್ಕಿದರೆ ಮರ ಮಲಗುವುದಿಲ್ಲ. ಹೂವಾಗಬೇಕಾದ ತುದಿ ಎಲೆಯಾಗುತ್ತದೆ. ಒಂದು ವರ್ಷ ಹೇರಳವಾಗಿ ಫಲಿಸಿ ಮರುವರ್ಷ ದಣಿಯುವುದು ಮಾವಿನ ಸ್ವಭಾವವೆಂಬುದು ನಿಜ. ಆದರೆ ಬುಡದಲ್ಲಿ ಬಚ್ಚಲಿನ ನೀರು ಹರಿಯುತ್ತಿರುವ ಮರದ ವಿಷಯದಲ್ಲಿ ದೂರನ್ನು ಸ್ವಭಾವದ ಮೇಲೆ ಹೊರಿಸುವಂತಿಲ್ಲ. ಬಾರದ ಸೇಬಿಗೆ ಎರೆದ ನೀರು ಬರುತ್ತಿದ್ದ ಮಾವನ್ನು ಕೆಡಿಸಿತ್ತು.

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕೆ? ಆ ಮನೆಯವರ ಹಿತ್ತಲಿನಲ್ಲಿದ್ದುದು ಸಾಮಾನ್ಯ ಮರವಲ್ಲ. ಕರಿ ಇಶಾಡು ಅಂಕೋಲೆಯ ಸೀಮೆಯ ಸ್ವಂತ ಮಾವು. ಇಶಾಡಿನಲ್ಲಿ ಎರಡು ಬಗೆ. ಬಿಳಿ ಇಶಾಡಿಗೆ ಸಿಪ್ಪೆ ದಪ್ಪ, ತಿರುಳು ಕಡಿಮೆ, ಸಿಹಿಯೂ ಅಷ್ಟಕ್ಕಷ್ಟೇ. ಕರಿ ಇಶಾಡಿಗೆ ಸಿಪ್ಪೆ ತೆಳು, ತಿರುಳು ತುಂಬ, ಪರಿಮಳ ಮತ್ತು ಸಿಹಿ ಎರಡರಲ್ಲಿಯೂ ಅದಕ್ಕೆ ಸರಿಗಟ್ಟುವ ಹಣ್ಣು ಕಡಿಮೆ. 2023ರಲ್ಲಿ 'ಅಂಕೋಲಾ ಕರಿ ಇಶಾಡು' ಮಾವಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮೈಸೂರು ಮಲ್ಲಿಗೆಗೂ ಕೊಡಗಿನ ಕಿತ್ತಳೆಗೂ ದೊರೆತ ಮಾನ್ಯತೆಯೇ ಅದು. ಮೇ ತಿಂಗಳಲ್ಲಿ ಅಂಕೋಲೆಯ ರಸ್ತೆಬದಿಯಲ್ಲಿ, ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಿನ ಹೆಂಗಸರು ಬುಟ್ಟಿಗಳಲ್ಲಿ ಈ ಹಣ್ಣನ್ನಿಟ್ಟುಕೊಂಡು ಕುಳಿತಿರುವುದನ್ನು ದಾರಿಹೋಕರೆಲ್ಲ ಬಲ್ಲರು.

ಇಂಥ ಹಣ್ಣಿಗೆ ಸೇಬಿನ ಗೌರವ ಏಕೆ ದೊರೆಯಲಿಲ್ಲವೆಂದರೆ, ಇದು ಪ್ರಯಾಣ ಮಾಡಲಾರದು. ಸೇಬನ್ನು ಶೀತಲ ಕೋಠಿಯಲ್ಲಿ ತಿಂಗಳುಗಟ್ಟಲೆ ಇಡಬಹುದು. ತೆಳುಸಿಪ್ಪೆಯ ಇಶಾಡು ಮಾಗಿದ ಕೆಲವೇ ದಿನಗಳಲ್ಲಿ ತಿಂದು ಮುಗಿಸಬೇಕಾದ ಹಣ್ಣು. ದೂರದ ಪೇಟೆಗೆ ಹೋಗದ ಹಣ್ಣಿಗೆ ಬೆಲೆಯಿಲ್ಲ. ಬೆಲೆಯಿಲ್ಲದ ಮರಕ್ಕೆ ಆರೈಕೆಯಿಲ್ಲ. ಹಿತ್ತಲು ಪಾಲಾದಾಗ, ಹೊಸ ಕೋಣೆಯ ಅಡಿಪಾಯ ಹಾಕುವಾಗ, ಹೆದ್ದಾರಿ ಅಗಲವಾಗುವಾಗ ಮೊದಲು ಕೊಡಲಿಗೆ ಸಿಗುವುದು ಇಂಥ ಹಳೆಯ ಮರವೇ. ಅದು ಹೋದ ಮೇಲೆ ಅದೇ ಹಣ್ಣಿನ ಗೊರಟೆಯನ್ನು ನೆಟ್ಟರಾಯಿತೆಂದು ಸಮಾಧಾನಪಡುವವರಿದ್ದಾರೆ. ಆದರೆ ಗೊರಟೆಯಿಂದ ಹುಟ್ಟಿದ ಸಸಿ ತಾಯಿಯ ಗುಣವನ್ನು ಹೊತ್ತು ಬರುತ್ತದೆಂದು ನಂಬುವಂತಿಲ್ಲ. ಮರ ನಿಂತಿರುವಾಗಲೇ ಅದರ ಕಡ್ಡಿಯಿಂದ ಕಸಿ ಕಟ್ಟಿದರೆ ಮಾತ್ರ ಆ ಹಣ್ಣು ಆ ಮನೆಯಲ್ಲಿ ಉಳಿಯುತ್ತದೆ.

ಆದುದರಿಂದ ಸೇಬಿನ ಮೇಲೆ ಸುರಿಯಲು ಸಿದ್ಧವಾದ ಅಕ್ಕರೆಯಲ್ಲಿ ಅರ್ಧವನ್ನು ಹಳೆಯ ಮಾವಿನ ಕಡೆಗೆ ತಿರುಗಿಸುವುದು ಜಾಣತನ. ಅದರ ಆರೈಕೆಯೂ ಕಷ್ಟದ್ದಲ್ಲ. ಹಣ್ಣಿನ ಕಾಲ ಮುಗಿದು ಮೃಗಶಿರೆಯ ಮಳೆ ಹಿಡಿಯುವ ಹೊತ್ತಿಗೆ ಐದಾರು ಬುಟ್ಟಿ ಕೊಟ್ಟಿಗೆ ಗೊಬ್ಬರವನ್ನೂ ಸ್ವಲ್ಪ ಒಲೆಯ ಬೂದಿಯನ್ನೂ ಹಾಕಬೇಕು. ಹಾಕುವುದು ಬುಡಕ್ಕಲ್ಲ, ನಡುಹಗಲಿನಲ್ಲಿ ಮರದ ನೆರಳಿನ ಅಂಚು ಎಲ್ಲಿ ಬೀಳುವುದೋ ಅಲ್ಲಿ ಸುತ್ತಲೂ ಆಳವಲ್ಲದ ಕಾಲುವೆ ತೋಡಿ ಹಾಕಬೇಕು. ಉಣ್ಣುವ ಬೇರುಗಳು ಹೆಚ್ಚಾಗಿರುವುದು ಅಲ್ಲಿಯೇ. ಒಣಗಿದ ಕೊಂಬೆಗಳನ್ನು ಕತ್ತರಿಸಿ, ಒಳಕ್ಕೆ ಬೆಳಕು ಬೀಳುವಂತೆ ಬಿಡಿಸಿ, ಕತ್ತರಿಸಿದ ಬಾಯಿಗೆ ಮೈಲುತುತ್ತು-ಸುಣ್ಣದ ಮುಲಾಮನ್ನು ಬಳಿಯಬೇಕು.

ಹಳೆಯ ಮರದಲ್ಲಿ ಬಂದಳಿಕೆಯನ್ನು ಹುಡುಕುವುದು ಅಗತ್ಯ. ದೂರದಿಂದ ನೋಡುವವರಿಗೆ ಮಾವಿನ ಎಲೆಯೇ ಎಂಬ ಭ್ರಮೆ ಹುಟ್ಟಿಸುವ ಈ ಬದನಿಕೆ, ಕೊಂಬೆಯೊಳಕ್ಕೆ ಬೇರಿಳಿಸಿ ಮರದ ನೀರನ್ನೂ ಸತ್ವವನ್ನೂ ಹೀರುತ್ತದೆ. ಅದರ ಹಣ್ಣನ್ನು ತಿಂದ ಪುಟ್ಟ ಹಕ್ಕಿಗಳು ಅಂಟುಬೀಜಗಳನ್ನು ಕೊಂಬೆಯಿಂದ ಕೊಂಬೆಗೆ ಹರಡುತ್ತವೆ. ಬರಿ ಎಲೆಗಳನ್ನು ಸವರಿದರೆ ಅದು ಮತ್ತೆ ಚಿಗುರುತ್ತದೆ. ಅದು ಅಂಟಿಕೊಂಡ ಸ್ಥಳಕ್ಕಿಂತ ಒಂದು ಗೇಣು ಕೆಳಗೆ ಕೊಂಬೆಯನ್ನೇ ಕತ್ತರಿಸಿ ತೆಗೆಯಬೇಕು. ಹಣ್ಣು ಕಟ್ಟುವ ಮೊದಲೇ ಈ ಕೆಲಸ ಮುಗಿದರೆ ಹರಡುವ ಭಯವಿಲ್ಲ.

ಅಕ್ಟೋಬರಿನಿಂದ ನೀರು ನಿಲ್ಲಬೇಕು. ಬಚ್ಚಲಿನ ಕಾಲುವೆ ಬಾಳೆಗೋ ತೆಂಗಿಗೋ ತಿರುಗಲಿ. ಹೂ ಬಂದ ಮೇಲೆ ಎರಡು ಶತ್ರುಗಳು: ರಸ ಹೀರುವ ಜಿಗಿಹುಳು ಮತ್ತು ಹೂಗೊಂಚಲನ್ನು ಬಿಳಿ ಪುಡಿಯಿಂದ ಮುಚ್ಚುವ ಬೂದಿರೋಗ. ಎರಡಕ್ಕೂ ಒತ್ತಾದ, ಗಾಳಿಬೆಳಕಿಲ್ಲದ ಮರವೆಂದರೆ ಪ್ರೀತಿ. ಕೊಂಬೆ ಬಿಡಿಸಿದ್ದ ಮರಕ್ಕೆ ಅರ್ಧ ಕಾಟ ತಪ್ಪಿದಂತೆಯೇ. ಬೂದಿರೋಗ ಕಂಡರೆ ನೀರಿನಲ್ಲಿ ಕರಗುವ ಗಂಧಕವನ್ನು ಅದರ ಮೇಲೆ ಬರೆದಿರುವ ಪ್ರಮಾಣದಲ್ಲಿ ಸಿಂಪಡಿಸಬಹುದು. ಹೂ ಪೂರ್ತಿ ಅರಳಿರುವಾಗ ಮಾತ್ರ ಯಾವ ಔಷಧವನ್ನೂ ಸಿಂಪಡಿಸಬಾರದು. ಕಾಯಿ ಕಟ್ಟಿಸುವ ನೊಣ-ಜೇನುಗಳು ಅದರಿಂದ ಸಾಯುತ್ತವೆ. ಕಾಯಿ ಬಟಾಣಿಯಷ್ಟಾದ ಮೇಲೆ ಹತ್ತು-ಹದಿನೈದು ದಿನಕ್ಕೊಮ್ಮೆ ನೀರು ಕೊಟ್ಟರೆ ಉದುರುವುದು ಕಡಿಮೆಯಾಗುತ್ತದೆ. ಬಿದ್ದು ಕೊಳೆತ ಹಣ್ಣುಗಳನ್ನು ಅಂದಂದೇ ಆರಿಸಿ ಆಳವಾಗಿ ಹೂಳಬೇಕು. ಹಣ್ಣುನೊಣದ ಸಂತಾನ ಬೆಳೆಯುವುದು ಅವುಗಳಲ್ಲಿಯೇ.

ಕೊಯ್ಲಿನಲ್ಲಿಯೂ ಎಚ್ಚರ ಬೇಕು. ತೊಟ್ಟಿನ ಎರಡು ಪಕ್ಕದ ಭುಜಗಳು ಉಬ್ಬಿ ಬಂದಾಗ ಕಾಯಿ ಬಲಿಯಿತೆಂದು ತಿಳಿಯಬೇಕು. ಮರವನ್ನು ಅಲುಗಿಸಿ ಉದುರಿಸದೆ, ಬಲೆ ಕಟ್ಟಿದ ದೋಟಿಯಿಂದ ತೊಟ್ಟುಸಹಿತ ಕೊಯ್ದು, ಸೊನೆ ಸುರಿದುಹೋಗುವಂತೆ ಬೋರಲಾಗಿಟ್ಟು, ಭತ್ತದ ಹುಲ್ಲಿನಲ್ಲಿ ಒಂದೇ ಪದರವಾಗಿ ಹರಡಿದರೆ ತೆಳುಸಿಪ್ಪೆಗೆ ಗಾಯವಾಗದೆ ಹಣ್ಣು ಚೆನ್ನಾಗಿ ಮಾಗುತ್ತದೆ. ಮೊದಲ ಮಳೆ ಬೀಳುವುದರೊಳಗೆ ಮರ ಬರಿದಾಗಬೇಕು. ಮನೆಯಲ್ಲಿ ತಿಂದು ಮುಗಿಯದಷ್ಟು ಬಂದರೆ ಸೀಕರಣೆ, ಸಾಸಿವೆಗಳು ಇದ್ದೇ ಇವೆ, ನೆರೆಮನೆಗಳೂ ಇವೆ.

ಕೊನೆಯ ಕೆಲಸ ಕಸಿ. ಕರಾವಳಿಯ ತೇವದ ಹವೆ ಇದಕ್ಕೆ ಹೇಳಿಮಾಡಿಸಿದಂತಿದೆ. ಮೇ-ಜೂನಿನಲ್ಲಿ ಯಾವುದಾದರೂ ಗಟ್ಟಿ ಕಾಡುಮಾವಿನ ಗೊರಟೆಗಳನ್ನು ಮರಳಿನಲ್ಲಿ ಮೊಳೆಯಿಸಬೇಕು. ಸಸಿಗೆ ಹತ್ತು-ಹದಿನೈದು ದಿನ ತುಂಬಿ, ಎಲೆ ಇನ್ನೂ ತಾಮ್ರವರ್ಣದಲ್ಲಿರುವಾಗಲೇ ಅದರ ತಲೆ ಕತ್ತರಿಸಿ ನಡುವೆ ಸೀಳಬೇಕು. ಇಶಾಡಿನ ಮೂರು-ನಾಲ್ಕು ತಿಂಗಳು ಬಲಿತ, ಪೆನ್ಸಿಲಿನಷ್ಟು ದಪ್ಪದ ರೆಂಬೆಯನ್ನು ಮೊದಲೇ ಆರಿಸಿ, ಎಂಟು-ಹತ್ತು ದಿನ ಮುಂಚೆ ಅದರ ಎಲೆಗಳನ್ನು ತೊಟ್ಟಿನ ತುಂಡು ಉಳಿಸಿ ಕತ್ತರಿಸಿಡಬೇಕು. ಮೊಗ್ಗನ್ನು ಎಬ್ಬಿಸಲು ಜಾವಾದ ರೈತರು ಮಾಡುವ ಉಪಾಯವೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಆ ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ, ಸೀಳಿನೊಳಗೆ ಕೂಡಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮಳೆ ನೇರವಾಗಿ ಬೀಳದ ನೆರಳಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಚಿಗುರು ಕಾಣುತ್ತದೆ. ಹತ್ತು ಕಟ್ಟಿದರೆ ಹತ್ತೂ ಬದುಕಲಾರವು. ಎರಡು ಬದುಕಿದರೂ ಮರದ ಸಂತಾನ ಉಳಿದಂತೆಯೇ. ಕೈಯಳತೆ ಸಾಲದೆನ್ನುವವರು ಕಸಿ ಬಲ್ಲವರೊಬ್ಬರನ್ನು ಒಂದು ಮಧ್ಯಾಹ್ನ ಕರೆಸಿಕೊಂಡರಾಯಿತು.

ಅಂಕೋಲೆಯ ಆ ಮನೆಯಲ್ಲಿ ಮರುವರ್ಷ ಮಾಡಬೇಕಾದುದೂ ಇಷ್ಟೇ. ಮಳೆಗಾಲದಲ್ಲಿ ಹತ್ತು ಕಸಿ ಕಟ್ಟಿಡಬೇಕು. ಮಳೆ ನಿಂತ ಮೇಲೆ ಸೇಬಿನ ಗಿಡವನ್ನು ಬೇರಿನ ಮುದ್ದೆ ಒಡೆಯದಂತೆ ಅಗೆದು ಪೀಪಾಯಿಗೆ ಬದಲಿಸಿ, ಮನೆಯ ಮೂಡಣ ಮಗ್ಗುಲಲ್ಲಿಡಬೇಕು. ಅಲ್ಲಿ ಕಡಲಗಾಳಿಗೆ ಮನೆಯೇ ಮರೆಯಾಗುತ್ತದೆ. ಅದರ ಎಲೆಗಳನ್ನು ಡಿಸೆಂಬರಿನ ಕೊನೆಯಲ್ಲಿ, ಕಾಲೇಜಿಗೆ ರಜೆಯಿದ್ದರೆ ಮೊಮ್ಮಗಳೇ ಬಂದು ಕೀಳಲಿ. ಬಚ್ಚಲಿನ ಕಾಲುವೆಯನ್ನು ಮಾತ್ರ ಅಷ್ಟರವರೆಗೆ ಬಿಡುವಂತಿಲ್ಲ. ನವರಾತ್ರಿ ಕಳೆದೊಡನೆ ಒಂದು ಗುದ್ದಲಿ ಹಿಡಿದು, ಅಜ್ಜಿ ಬಾವಿಕಟ್ಟೆಯಲ್ಲಿ ಕುಳಿತು ನೋಡುತ್ತಿರುವಾಗಲೇ, ಅದನ್ನು ಬಾಳೆಯ ಸಾಲಿಗೆ ತಿರುಗಿಸಿಬಿಡಬೇಕು. ಅಲ್ಲಿಂದಾಚೆಗೆ ಮಾವಿಗೆ ಬೇಕಾಗಿರುವುದು ಮೂರು ತಿಂಗಳ ಬಾಯಾರಿಕೆಯಷ್ಟೇ. ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.